ಅಮಾವಾಸ್ಯೆಗೆ ರಜೆ ಸಿಗದ ಅಚ್ಯುತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಂಗಪುರದ ಗೇಲಾಂಗ್ ಬಡಾವಣೆಯ ಹಿಂಬದಿಯ ಕಾಲುವೆ ಸಮುದ್ರ ಸೇರುವ ಕಡೆ, ಕಬ್ಬಿಣದ ಗೇಟಿನ ಮೇಲಿನ ಕಿರುಸೇತುವೆಯಲ್ಲಿ ಅಚ್ಯುತ ಟಾರ್ಚ್ ಹಿಡಿದು ಬಗ್ಗಿ ನಿಂತಿದ್ದಾರೆ. ಗೋಡೆಯ ಅಳತೆಪಟ್ಟಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಅಲ್ಲಿ ಚಂದ್ರನಿಲ್ಲ, ಇವತ್ತು ಅಮಾವಾಸ್ಯೆ. ಕಣ್ಣಿಗೆ ಬೀಳದ ದಿನವೂ ಈ ಚಂದ್ರನ ಕಾಟ ತಪ್ಪಿದ್ದಲ್ಲ ಎನ್ನುವುದು ಅವರ ಇಪ್ಪತ್ತಾರು ವರ್ಷದ ಅನುಭವ.

“ಹುಣ್ಣಿಮೆ, ಅಮಾವಾಸ್ಯೆ ಬಂತು ಅಂದ್ರೆ ಸಮುದ್ರಕ್ಕೆ ಮೈಮೇಲೆ ಬಂದ ಹಾಗೆ. ಎಲ್ಲರೂ ಪಂಚಾಂಗ ನೋಡಿ ಹಬ್ಬ ಮಾಡ್ತಾರೆ, ನಾನು ಪಂಚಾಂಗ ನೋಡಿ ಡ್ಯೂಟಿ ಮಾಡ್ತೀನಿ,” ಎಂದು ನಗುತ್ತಾರೆ. ಆದರೆ ಇವತ್ತು ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರ ಏರುವ ಮೊದಲು ಗೇಟು ಇಳಿಸದಿದ್ದರೆ ಸಮುದ್ರ ಕಾಲುವೆಗೆ ನುಗ್ಗುತ್ತದೆ. ಇಳಿಸಿದ ಮೇಲೆ ಮಳೆ ಹಿಡಿದರೆ ಊರಿನ ನೀರಿಗೆ ಹೋಗಲು ದಾರಿಯಿಲ್ಲ, ಎರಡು ಪಂಪು ಅದನ್ನು ಎತ್ತಿ ಆಚೆ ಸುರಿಯಬೇಕು. ಪಂಪಿನ ಬಾಯಿಗೆ ಅಡ್ಡವಿರುವ ಜಾಲರಿಯಲ್ಲಿ ಕಸ ಸಿಕ್ಕಿಕೊಂಡರೆ ತಗ್ಗಿನ ಮೂರು ಬೀದಿಗಳ ಮನೆಯೊಳಗೆ ಮೊಣಕಾಲುದ್ದ ನೀರು. ಆ ಬೀದಿಗಳವರಿಗೆ ಇಲ್ಲೊಂದು ಗೇಟಿದೆ ಎನ್ನುವುದೇ ಗೊತ್ತಿಲ್ಲ. “ಗೊತ್ತಾಗಬಾರದು. ಗೊತ್ತಾಯ್ತು ಅಂದ್ರೆ ಆವತ್ತು ನಾನು ಕೆಲಸ ಕೆಡಿಸಿದೀನಿ ಅಂತ ಅರ್ಥ,” ಎನ್ನುತ್ತಾರೆ.

ಅವರ ತಂದೆ ಉಪೇಂದ್ರರಾಯರು ನಂಜನಗೂಡಿನಿಂದ ಬಂದು ಇದೇ ಕಾಲುವೆಗಳನ್ನು ಕಟ್ಟಿಸಿದ ಓವರ್‌ಸಿಯರ್. ಪುಷ್ಯ ಮಾಸದ ಅಮಾವಾಸ್ಯೆಯ ದಿನ ತೀರಿಕೊಂಡರು. ಅಸ್ಥಿ ಬಿಟ್ಟದ್ದು ಇಲ್ಲಿಯ ಸಮುದ್ರದಲ್ಲೇ. ಮಗನಿಗೆ ಪೇಚಾಟ ಶುರುವಾದದ್ದು ಆಗ. ಅಪ್ಪನ ತಿಥಿಗೆ ಮನೆಗೆ ಕರೆಯುವ ಚಂದ್ರನೇ ಸಮುದ್ರವನ್ನೂ ಗೇಟಿಗೆ ಕರೆತರುತ್ತಾನೆ. ಅದು ಸಾಲದು ಎಂಬಂತೆ ಚೀನೀ ಹೊಸ ವರ್ಷವೂ ಸಾಮಾನ್ಯವಾಗಿ ಅದೇ ಅಮಾವಾಸ್ಯೆಯ ಆಸುಪಾಸಿಗೆ ಬಂದು, ಜೊತೆಗಾರರೆಲ್ಲ ರಜೆ ಹಾಕುತ್ತಾರೆ. ಕಳೆದ ಮೂರು ವರ್ಷ ತಿಥಿ ಆ ದಿನ ನಡೆದಿಲ್ಲ. “ತಪ್ಪಿದ್ರೆ ಮುಂದಿನ ಅಮಾವಾಸ್ಯೆಗೆ ಮಾಡಿ ಅಂತಾರೆ ಶಾಸ್ತ್ರಿಗಳು. ಮುಂದಿನ ಅಮಾವಾಸ್ಯೆಗೂ ಸಮುದ್ರ ಬರತ್ತಲ್ಲ ಸ್ವಾಮಿ!”

ಈ ವರ್ಷ ಮಾತ್ರ ಅಮ್ಮ ಕಾಮಾಕ್ಷಮ್ಮ ಹಟ ಹಿಡಿದಿದ್ದಾರೆ. ಎಂಬತ್ತು ದಾಟಿದೆ, ಎರಡು ತಿಂಗಳ ಹಿಂದೆ ಆಸ್ಪತ್ರೆಯಿಂದ ಬಂದವರು. “ನಾನು ಕಣ್ಣು ಮುಚ್ಚೋದರೊಳಗೆ ಒಂದು ಸಲ ಅವರ ದಿನ ಅವರಿಗೆ ಸಲ್ಲಲಿ ಕಣೋ,” ಎಂದಿದ್ದಾರೆ. ಮಧ್ಯಾಹ್ನ ಎರಡಕ್ಕೆ ಅಮಾವಾಸ್ಯೆ ಮುಗಿಯುತ್ತದೆ, ಅದರೊಳಗೆ ಆಗಬೇಕು. ತೋವಾ ಪಾಯೋ ಬಡಾವಣೆಯ ಫ್ಲ್ಯಾಟಿನಲ್ಲಿ ಹೆಂಡತಿ ಪ್ರಭಾ ಮಡಿಯಲ್ಲಿ ಅಡುಗೆಗಿಟ್ಟಿದ್ದಾರೆ. ಹನ್ನೆರಡಕ್ಕೆ ಬಂದು ಡ್ಯೂಟಿಯಿಂದ ಬಿಡಿಸುತ್ತೇನೆ ಎಂದು ಜೊತೆಗಾರ ಹಾಷಿಮ್ ಮಾತು ಕೊಟ್ಟಿದ್ದಾರೆ. ಹರಿರಾಯ, ಅಂದರೆ ಇಲ್ಲಿಯ ರಂಜಾನ್ ಹಬ್ಬಕ್ಕೆ ಎರಡೇ ದಿನವಿದೆ, ಅವರೂ ಉಪವಾಸ, ಇವರೂ ಉಪವಾಸ.

ಹತ್ತಕ್ಕೆ ಗೇಟು ಇಳಿಯುತ್ತದೆ. ಹತ್ತೂವರೆಗೆ ಆಕಾಶ ಕಪ್ಪಾಗಿ, ಹನ್ನೊಂದಕ್ಕೆ ಮಳೆ ಸುರಿಯತೊಡಗುತ್ತದೆ. ಆಚೆ ಉಬ್ಬರ, ಈಚೆ ಏರುತ್ತಿರುವ ಕಾಲುವೆ. ಅಚ್ಯುತ ಗಡಿಯಾರ ನೋಡುವುದನ್ನು ಬಿಟ್ಟು ಅಳತೆಪಟ್ಟಿಯನ್ನೇ ನೋಡುತ್ತಿದ್ದಾರೆ.

ಹಾಷಿಮ್ ಹೇಳಿದ ಹೊತ್ತಿಗೆ ಸರಿಯಾಗಿ ನೆನೆದುಕೊಂಡೇ ಬರುತ್ತಾರೆ. “ಟ್ಯಾಕ್ಸಿ ಕಾಯ್ತಾ ಇದೆ, ಹೊರಡು!” ಅಚ್ಯುತ ಚೀಲ ಎತ್ತಿಕೊಳ್ಳುವುದಕ್ಕೂ ಒಂದು ಪಂಪು ಗೊರಗೊರ ಎಂದು ನಿಲ್ಲುವುದಕ್ಕೂ ಸರಿಹೋಗುತ್ತದೆ. ಹೊಸ ವರ್ಷಕ್ಕೆ ಮನೆ ಗುಡಿಸಿ ಹಳೆಯದನ್ನೆಲ್ಲ ಹೊರಗೆ ಹಾಕುವುದು ಈ ಊರಿನ ಚೀನೀಯರ ಪದ್ಧತಿ. ಯಾರೋ ಪುಣ್ಯಾತ್ಮ ಕಾಲುವೆಯನ್ನೇ ಹೊರಗು ಎಂದುಕೊಂಡಿದ್ದಾನೆ. ನೀರು ಕುಡಿದು ಊದಿದ ಒಂದು ಹಾಸಿಗೆ ಜಾಲರಿಗೆ ಅಂಟಿ ಕೂತಿದೆ.

“ನಾನು ನೋಡ್ಕೋತೀನಿ, ನೀನು ಹೋಗು,” ಎನ್ನುತ್ತಾರೆ ಹಾಷಿಮ್.

ಅಚ್ಯುತ ಹಾಸಿಗೆಯನ್ನು ನೋಡುತ್ತಾರೆ, ಹಾಷಿಮ್‌ನ ಉಪವಾಸದ ಮುಖವನ್ನು ನೋಡುತ್ತಾರೆ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಟ್ಯಾಕ್ಸಿಯವನಿಗೆ ಕೈಬೀಸಿ ಹೋಗು ಎನ್ನುತ್ತಾರೆ.

ಇಬ್ಬರೂ ಉದ್ದನೆಯ ಕೊಕ್ಕೆ ಹಾಕಿ ಎಳೆಯುತ್ತಾರೆ. ಹಾಸಿಗೆ ಹರಿದು ತುಂಡು ತುಂಡಾಗಿ ಬರುತ್ತದೆ. ನೀರು ಅಳತೆಪಟ್ಟಿಯ ಅಪಾಯದ ಕೆಂಪು ಗೆರೆಗೆ ಒಂದು ಗೇಣು ಕೆಳಗಿದೆ. ಸೊಂಟದ ಪೇಜರ್ ಎರಡು ಸಲ ಬಡಿದುಕೊಳ್ಳುತ್ತದೆ, ಮನೆಯ ನಂಬರು. ಒಂದೂವರೆ ದಾಟಿದ ಮೇಲೆ ಕೊನೆಯ ತುಂಡು ಕಿತ್ತು ಬಂದು ನಿಂತಿದ್ದ ಪಂಪು ಮತ್ತೆ ಹಿಡಿಯುತ್ತದೆ. ನೀರು ಏರುವುದನ್ನು ನಿಲ್ಲಿಸುತ್ತದೆ. ಇನ್ನೂ ಇಳಿದಿಲ್ಲ, ಬಿಟ್ಟು ಹೋಗುವ ಹಾಗಿಲ್ಲ.

ಪಂಪಿನ ಕೊಠಡಿಯ ಫೋನಿನಲ್ಲಿ ಅಮ್ಮನೇ ಸಿಗುತ್ತಾರೆ. “ಅಮ್ಮಾ, ಆಗಲ್ಲಮ್ಮ,” ಎನ್ನುತ್ತಾರೆ ಅಚ್ಯುತ.

“ನೀರು ಯಾರ ಮನೆಗಾದ್ರೂ ನುಗ್ಗಿತೇನೋ?”

“ಇಲ್ಲಮ್ಮ.”

“ನಿಮ್ಮಪ್ಪ ಇದ್ದಿದ್ರೂ ಮೊದಲು ಇದನ್ನೇ ಕೇಳೋರು. ಹೀಗೇ ಆಗತ್ತೆ ಅಂತ ಪ್ರಭಾ ಕೈಲಿ ನಿನ್ನ ಚೀಲಕ್ಕೆ ಎಳ್ಳು ಹಾಕಿಸಿದೀನಿ. ನೋಡು.”

ಚೀಲದ ಅಡಿಯಲ್ಲಿ ಎಳ್ಳಿನ ಪೊಟ್ಟಣವಿದೆ, ಪಕ್ಕದಲ್ಲಿ ಮನೆಯ ನೀರಿನ ಬಾಟಲಿ. ಎರಡಕ್ಕೆ ಎಂಟು ನಿಮಿಷ ಬಾಕಿ. ಸಮುದ್ರದ ಕಡೆಯ ಮೆಟ್ಟಿಲುಗಳು ಉಬ್ಬರದಲ್ಲಿ ಮುಳುಗಿಹೋಗಿವೆ. ಅಚ್ಯುತ ಯೂನಿಫಾರ್ಮಿನ ಅಂಗಿ ಬಿಚ್ಚಿ, ಜನಿವಾರ ಎಡಕ್ಕೆ ಹಾಕಿಕೊಂಡು, ಕಾಲುವೆಯ ಕಡೆಯ ಮೆಟ್ಟಿಲಿಗೇ ಇಳಿಯುತ್ತಾರೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವರು ಎಳ್ಳು ಕೈಯಲ್ಲಿ ಹಿಡಿದು ಹಾಗೇ ಇದ್ದಾರೆ.

“ಏನಾಯ್ತು?” ಮೇಲಿನಿಂದ ಹಾಷಿಮ್ ಕೂಗುತ್ತಾರೆ.

“ಗೇಟು ಹಾಕಿದೆ. ಅಪ್ಪ ಆ ಕಡೆ.”

ಹಾಷಿಮ್‌ಗೆ ಈ ಶಾಸ್ತ್ರ ಗೊತ್ತಿಲ್ಲ, ಪಂಪು ಗೊತ್ತು. “ಪಂಪಿನ ಬಾಯಿ ಹತ್ತಿರ ಬಿಡು. ಎತ್ತಿ ಆ ಕಡೆಗೆ ಹಾಕತ್ತೆ!”

ಅಚ್ಯುತ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಾರೆ. ತಂದೆ, ತಾತ, ಮುತ್ತಾತನ ಹೆಸರು ಹೇಳಿ ಮೂರು ಮೂರು ಸಲ ಎಳ್ಳುನೀರು ಬಿಡುತ್ತಾರೆ. ಕರಿ ಎಳ್ಳು ಜಾಲರಿಯ ಕಂಬಿಗಳ ನಡುವೆ ನುಸುಳಿ ಒಳಗೆ ಹೋಗುತ್ತದೆ. ಗೋಡೆಯಾಚೆ ನೀರು ಧೋ ಎಂದು ಸಮುದ್ರಕ್ಕೆ ಬೀಳುತ್ತಿದೆ.

ಮೂರಕ್ಕೆ ಮಳೆ ನಿಂತಿದೆ, ಉಬ್ಬರ ಇಳಿದಿದೆ, ಗೇಟು ಮೇಲೇರಿದೆ. ತಗ್ಗಿನ ಬೀದಿಗಳಿಂದ ಸಿಂಹನೃತ್ಯದ ಡೋಲು ಕೇಳಿಸುತ್ತಿದೆ. ಅಲ್ಲಿಯವರಿಗೆ ಇದು ಮಳೆ ಬಂದು ಹೋದ ಒಂದು ಹಬ್ಬದ ಮಧ್ಯಾಹ್ನ, ಅಷ್ಟೇ.

ಅಚ್ಯುತರಿಗೆ ನಿವೃತ್ತಿ ಬರುವ ಆಗಸ್ಟಿಗೆ. ಆಮೇಲೆ ಏನು ಆಸೆ ಎಂದು ಕೇಳಿದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಯೋಚಿಸುತ್ತಾರೆ.

“ಮುಂದಿನ ಪುಷ್ಯದ ಅಮಾವಾಸ್ಯೆಗೆ ಮನೇಲಿ ತಿಥಿ ಮುಗಿಸಿ, ಅಮ್ಮನ್ನ ಕರ್ಕೊಂಡು ಬಂದು ಸಮುದ್ರದ ಕಡೆ ನಿಂತ್ಕೋಬೇಕು. ಇಷ್ಟು ವರ್ಷ ಸಮುದ್ರದ ಜೊತೆ ಅಪ್ಪ ಬಂದಾಗಲೆಲ್ಲ ನಾನು ಬಾಗಿಲು ಹಾಕಿದೀನಲ್ಲ, ಒಂದು ಸಲ ಎದುರಿಗೆ ಹೋಗಿ ನಿಲ್ಲಬೇಕು.” ಗೇಟಿನ ಕಡೆ ನೋಡಿ ಸೇರಿಸುತ್ತಾರೆ: “ಆವತ್ತೂ ಗೇಟು ಮಾತ್ರ ಯಾರಾದ್ರೂ ಹೊತ್ತಿಗೆ ಸರಿಯಾಗಿ ಹಾಕಿರ್ಬೇಕು. ತಗ್ಗಲ್ಲಿ ಮನೆಗಳಿವೆ.”