ಹದಿನೇಳು ಕಂಬಗಳಿಗೆ ಒಂದೇ ಬಿರುಕು

ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಒಂಬತ್ತೂ ಮುಕ್ಕಾಲಿಗೆ ಕಾಲೇಜು. ನನ್ನ ಬದುಕು ಹೀಗೇ ನಡೆದದ್ದು. ಇಂಥವನ ಕೈಗೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಅರಸೀಕೆರೆಯ ಒಂದು ಕಾಲೇಜಿನವರು ಚಿತ್ರಕಲೆಯ ತರಗತಿ ಕೊಟ್ಟು, ‘ಹುಡುಗರಿಗೆ ಸೃಜನಶೀಲತೆ ಕಲಿಸಿ’ ಎಂದರು. ಟೈಮ್‌ಟೇಬಲ್ಲಿನಲ್ಲೂ ಹಾಗೇ ಇತ್ತು: ಬುಧವಾರ, ಎರಡರಿಂದ ನಾಲ್ಕು, ಸೃಜನಶೀಲತೆ. ನಾಲ್ಕಕ್ಕೆ ಬೆಲ್ ಹೊಡೆದರೆ ಅದು ನಿಲ್ಲಬೇಕು. ನಾನು ನಿಲ್ಲಿಸುತ್ತಿದ್ದೆ.

ಆ ಎರಡು ಗಂಟೆಗಳ ಮೇಲೆ ಪ್ರಿನ್ಸಿಪಾಲರ ಕಣ್ಣಿತ್ತು. ಅವರಿಗೆ ಅವು ಟೈಪಿಂಗ್ ತರಗತಿಗೆ ಬೇಕಾಗಿದ್ದವು.

“ಬಣ್ಣ ಬಳಿಯೋಕೆ ಕಾಲೇಜ್ ಯಾಕ್ರೀ? ಮುಂದಿನ ಬುಧವಾರ ನಾನೇ ಬರ್ತೀನಿ. ಏನೋ ಒಂದು ಕಲ್ತಿದಾರೆ ಅಂತ ನನ್ನ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಕ್ಲಾಸ್ ಬಂದ್” ಎಂದುಬಿಟ್ಟರು.

ನಾನು ಯೋಚಿಸಿ ಒಂದು ಕೆಲಸ ಕೊಟ್ಟೆ. ಬೇಲೂರಿನ ಗುಡಿಯ ಅಂಗಳದ ಕಲ್ಲಿನ ದೀಪದ ಕಂಬವನ್ನು ನೆಲಕ್ಕೆ ಹೂತಿಲ್ಲ. ಜಗಲಿಯ ಮೇಲೆ ಸುಮ್ಮನೆ ಇಟ್ಟಿದ್ದಾರೆ. ಒಂದು ಮೂಲೆಯ ಕೆಳಗೆ ಕಾಗದ ತೂರುತ್ತದೆ. ಹಳೇ ಪೇಪರು, ತೆಂಗಿನ ಚಿಪ್ಪು, ನಾರು, ಮರಳು, ಇಷ್ಟರಲ್ಲೇ ಮೊಳದುದ್ದ ಅಂಥ ಕಂಬ ಮಾಡಿ ತರಬೇಕು. ಗೂಡ್ಸ್ ಗಾಡಿ ಹೋದಾಗ ಬೀಳಬಾರದು. ನಮ್ಮ ಕಟ್ಟಡ ರೈಲು ಹಳಿಯ ಪಕ್ಕದಲ್ಲೇ ಇತ್ತು. ಗೂಡ್ಸ್ ಬಂದರೆ ಮೇಜಿನ ಮೇಲಿನ ಇಂಕ್ ಬಾಟಲಿ ತಾನಾಗಿ ನಡೆಯುತ್ತಿತ್ತು.

“ಹೇಗೆ ಅನ್ನೋದನ್ನ ನೀವೇ ಕಂಡುಕೊಳ್ಳಿ” ಎಂದೆ. ಎಂದವನೇ ಬೆನ್ನು ತಿರುಗಿಸಿ, ಹೇಗೆ ಎನ್ನುವುದನ್ನು ಅಳತೆ ಸಮೇತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿಬಿಟ್ಟೆ. ಬೇಲೂರು ನೋಡಿ ಇಪ್ಪತ್ತು ವರ್ಷವಾಗಿತ್ತು, ನೆನಪಿನಿಂದಲೇ ಬರೆದೆ. ಮೇಲ್ಗಡೆ ಅಂದವಾಗಿರಲಿ ಎಂದು ತುಸು ಅಗಲ ಮಾಡಿದೆ.

ಬುಧವಾರ ಬಂತು. ಹದಿನೆಂಟು ವಿದ್ಯಾರ್ಥಿಗಳು. ಹದಿನೇಳು ಕಂಬಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾಲಾಗಿ ನಿಂತಿದ್ದವು. ನನಗೆ ಹೆಮ್ಮೆಯೋ ಹೆಮ್ಮೆ. ಹದಿನೆಂಟನೆಯದು ಗಿಡ್ಡ ಒನಕೆಯ ಹಾಗಿತ್ತು. ಹಿಂದಿನ ವಾರ ಹಳೇಬೀಡಿನ ಚಿಕ್ಕಮ್ಮನ ಮನೆಗೆಂದು ರಜಾ ಹಾಕಿದ್ದ ಹುಡುಗಿ ಅದನ್ನು ತಂದಿದ್ದಳು. “ಇದು ಬೋರ್ಡಿನಲ್ಲಿರೋ ಹಾಗಿಲ್ಲ” ಎಂದು ಗದರಿ, ಯಾರಿಗೂ ಕಾಣದಂತೆ ಅದನ್ನು ಕೊನೆಯ ಮೇಜಿಗೆ ಸಾಗಿಸಿದೆ.

ಪ್ರಿನ್ಸಿಪಾಲರು ಬಂದು ಬಗ್ಗಿ ನೋಡಿದರು.

“ಇದೇನ್ರೀ, ಎಲ್ಲಾ ಕಂಬಕ್ಕೂ ನಡು ಮಧ್ಯ ಗಾಯ?”

ನಿಜ. ಪ್ರತಿ ಕಂಬದ ನಡುವಿನಲ್ಲೂ ಓರೆಯಾಗಿ ಒಂದು ಗೀರು. ಒಬ್ಬ ಬ್ಲೇಡಿನಲ್ಲಿ ಕೊಯ್ದಿದ್ದ, ಇನ್ನೊಬ್ಬ ಕೊಯ್ದು ಮೇಲೆ ಕಪ್ಪು ಬಣ್ಣ ಬೇರೆ ತುಂಬಿದ್ದ.

“ಬೋರ್ಡಲ್ಲಿ ಇತ್ತು ಸಾರ್” ಎಂದ ಮುಂದಿನ ಬೆಂಚಿನವನು.

ತಿರುಗಿ ನೋಡಿದೆ. ನಮ್ಮ ಹಳೇ ಬೋರ್ಡಿಗೆ ಒಂದು ಬಿರುಕಿತ್ತು. ಅದು ನನ್ನ ಚಿತ್ರದ ಸೊಂಟದ ಮೇಲೇ ಹಾದುಹೋಗಿತ್ತು. ಬೋರ್ಡಿನಲ್ಲಿರುವುದಕ್ಕಿಂತ ಒಂದು ಗೆರೆ ಹೆಚ್ಚಾಗಬಾರದು, ಒಂದು ಗೆರೆ ಕಡಿಮೆಯಾಗಬಾರದು ಎಂದು ವರ್ಷವಿಡೀ ಕಿರುಚಿದ್ದವನು ನಾನೇ.

ಅಷ್ಟರಲ್ಲಿ ಗೂಡ್ಸ್ ಬಂತು. ಹದಿನೇಳೂ ಕಂಬಗಳು ಆ ಗೀರಿನಲ್ಲೇ ಮುರಿದು, ಪ್ರಿನ್ಸಿಪಾಲರಿಗೆ ನಮಸ್ಕಾರ ಮಾಡಿದಂತೆ ಬಗ್ಗಿ ಮಲಗಿದವು. ಅವರು ಬಾಗಿಲ ಕಡೆ ಹೊರಟು, ಕೊನೆಯ ಮೇಜಿನ ಹತ್ತಿರ ನಿಂತರು. ಅಲ್ಲಿ ಆ ಗಿಡ್ಡ ಕಂಬ ಅಲ್ಲಾಡದೆ ನಿಂತಿತ್ತು.

“ಇದ್ಯಾರದಮ್ಮ?”

“ನಂದು ಸಾರ್.”

“ನಿಮ್ಮ ಮೇಷ್ಟ್ರು ಹೇಳ್ಕೊಟ್ರಾ?”

“ಇಲ್ಲ ಸಾರ್. ಅವತ್ತು ನಾನು ರಜಾ.”

ತರಗತಿ ಗೊಳ್ಳೆಂದಿತು. ನಾನು ಡಸ್ಟರಿನಿಂದ ಮೇಜು ಕುಟ್ಟಿದೆ. ಯಾರೂ ಲಕ್ಷ್ಯ ಮಾಡಲಿಲ್ಲ.

“ಕಂಬ ಮಾಡ್ಬೇಕು ಅಂತ ಗೆಳತಿ ಹೇಳಿದ್ಲು. ಭಾನುವಾರ ಬೇಲೂರಿಗೇ ಹೋಗಿ ನೋಡ್ಕಂಡು ಬಂದೆ. ಮೇಲಕ್ಕೆ ಹೋಗ್ತಾ ಹೋಗ್ತಾ ಸಣ್ಣ ಆಗ್ತೈತೆ ಸಾರ್. ಅದಕ್ಕೆ ಭಾರ ಎಲ್ಲಾ ಬುಡಕ್ಕೇ ಹಾಕ್ದೆ. ಒಳಗೆ ಮರಳೈತೆ, ಮೂರು ಮೂಲೆಗೆ ಚಿಪ್ಪಿನ ಚೂರು.”

ಪ್ರಿನ್ಸಿಪಾಲರು ನನ್ನ ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು (ನನ್ನ ಹಾಜರಿ ಪುಸ್ತಕ!) ನಾಲ್ಕನೆಯ ಮೂಲೆಗೆ ತೂರಿಸಿದರು. ಸಲೀಸಾಗಿ ಹೋಯಿತು. ಇನ್ನೊಮ್ಮೆ ತೂರಿಸಿದರು. ಚಿಕ್ಕ ಮಕ್ಕಳ ಹಾಗೆ ಮೂರನೇ ಸಲವೂ.

“ಕ್ಲಾಸ್ ಇರ್ಲಿ ಕಣ್ರೀ” ಎಂದರು ನನಗೆ. “ಬೋರ್ಡ್ ಮಾತ್ರ ಟೈಪಿಂಗ್‌ನೋರಿಗೆ ಕೊಟ್ಬಿಡಿ.”

ಅವರು ಹೋದ ಮೇಲೆ ಆ ಹುಡುಗಿಯನ್ನು ಕೇಳಿದೆ: “ಬೇಲೂರಲ್ಲೂ ಕಾಗದ ತೂರಿಸಿದೆಯಾ?”

“ಕಾಗದ ಇರ್ಲಿಲ್ಲ ಸಾರ್. ಬಸ್ ಟಿಕೆಟ್ ತೂರಿಸ್ದೆ.”

“ಕೊಡು ಇಲ್ಲಿ. ಫೈಲಿಗೆ ಅಂಟಿಸ್ತೀನಿ.”

“ಒಳಗೇ ಉಳ್ಕಂಡ್ತು ಸಾರ್. ಬೇಕಂದ್ರೆ ನೀವೇ ಹೋಗಿ ನೋಡ್ಬೇಕು.”

ನಾಲ್ಕರ ಬೆಲ್ ಹೊಡೆದು ಆಗಲೇ ಹತ್ತು ನಿಮಿಷವಾಗಿತ್ತು. ಹೊಡೆದದ್ದು ನನಗೆ ಕೇಳಿಸಿರಲೇ ಇಲ್ಲ.

ಭಾನುವಾರ ಮೊದಲ ಬಸ್ಸಿಗೇ ಬೇಲೂರಿಗೆ ಹೋದೆ. ಜಗಲಿಗೆ ಕೆನ್ನೆ ಆನಿಸಿ ಹುಡುಕಿದರೂ ಟಿಕೆಟ್ ಸಿಗಲಿಲ್ಲ. ಕಂಬ ಮಾತ್ರ ನಾನು ಬರೆದ ಹಾಗೆ ಒಂದಿಷ್ಟೂ ಇರಲಿಲ್ಲ.