ರೋಗಿಯಾಗಿ ಮಲಗಿ ಕಲಿತ ಕೆಲಸ

ನಿಜಲಿಂಗಪ್ಪ ಗೋಕಾಕದ ಕಡೆಯವನು. ಮದುವೆಗೆ ಮೊದಲೇ ಪುಣೆಗೆ ಬಂದು, ನಿಗಡಿಯ ಹತ್ತಿರದ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇತ್ ಮಶೀನು ನಡೆಸುತ್ತಿದ್ದ. ಮಾಲಕ ಕಂಪ್ಯೂಟರಿನ ಮಶೀನು ತರಿಸಿದಾಗ ಹಳಬರೆಲ್ಲ ಮನೆಗೆ ಹೋಗಬೇಕಾಯಿತು. ಆಗ ಅವನಿಗೆ ನಲವತ್ತಾರು ವರ್ಷ. ಆಮೇಲೆ ಒಂದು ಸೊಸೈಟಿಯ ಗೇಟಿನಲ್ಲಿ ಬದಲಿ ವಾಚ್‌ಮನ್ ಆದ. ಕಾಯಂ ಆಳು ರಜೆ ಹಾಕಿದಾಗ ಮಾತ್ರ ಕರೆ ಬರುತ್ತಿತ್ತು.

ಹೆಂಡತಿ ಇಂದೂ ಒಂದು ಶಾಲೆಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಸರ್ಕಾರದ ಖರ್ಚಿನಲ್ಲಿ ಕೆಲಸ ಕಲಿಸುತ್ತಾರೆ, ವಯಸ್ಸಾದವರನ್ನೂ ಸೇರಿಸಿಕೊಳ್ಳುತ್ತಾರೆ ಎಂಬ ಸುದ್ದಿ ತಂದವಳು ಅವಳೇ. ಹೊಸ ಮಶೀನು ಕಲಿಯುವ ಆಸೆಯಿಂದ ನಿಜಲಿಂಗಪ್ಪ ಹೋದ. ಆ ತರಗತಿ ತುಂಬಿಹೋಗಿತ್ತು. ಜಾಗ ಇದ್ದದ್ದು ರೋಗಿಗಳ ಆರೈಕೆ ಕಲಿಸುವ ತರಗತಿಯಲ್ಲಿ.

"ಅದು ಹೆಣ್ಮಕ್ಕಳ ಕೆಲಸ" ಎಂದ ಮನೆಗೆ ಬಂದು.

"ಮಾವನವರು ಹಾಸಿಗಿ ಹಿಡದಾಗ ಯಾರು ಮಾಡಿದ್ರು?" ಎಂದಳು ಇಂದೂ.

"ಅವ್ವ."

"ಅವರನ್ನ ಎತ್ತಿ ಎತ್ತಿ ಅತ್ತಿಯವರ ಸೊಂಟ ಹೋತು. ಬಲ ಬೇಕಾಗೋ ಕೆಲಸರಿ ಅದು. ಸುಮ್ಮನ ಹೋಗ್ರಿ."

ತರಗತಿಯಲ್ಲಿ ಹೆಚ್ಚಿನವರು ಹೆಂಗಸರು. ಕಲಿಸುವ ಸಾಯಲಿ ಮೇಡಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ವಯಸ್ಸಿನಲ್ಲಿ ಇವನಿಗಿಂತ ಬಹಳ ಚಿಕ್ಕವರು. ಅಭ್ಯಾಸಕ್ಕೆಂದು ಒಂದು ರಬ್ಬರಿನ ಗೊಂಬೆ ಇತ್ತು. ಅದು ಅವರಿಗೆ ಸಮಾಧಾನ ತರಲಿಲ್ಲ. "ಇದು ತೀರಾ ಹಗುರ. ನಿಜವಾದ ಮನುಷ್ಯನ ಭಾರ ಗೊತ್ತಾಗಬೇಕು. ಕಾಕಾ, ನೀವು ಮಲಗ್ತೀರಾ?" ಎಂದು ಮರಾಠಿಯಲ್ಲಿ ಕೇಳಿದರು.

ನಿಜಲಿಂಗಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡು ಮಂಚದ ಮೇಲೆ ಮಲಗಿದ. ಒಬ್ಬೊಬ್ಬರಾಗಿ ಬಂದು ಅವನನ್ನು ಹೊರಳಿಸಿದರು, ಎಬ್ಬಿಸಿ ಕೂರಿಸಿದರು, ಚಮಚದಲ್ಲಿ ನೀರು ಕುಡಿಸಿದರು. ಒಬ್ಬಳು ಏನೂ ಹೇಳದೆ ಭುಜ ಹಿಡಿದು ಎಳೆದಳು. ಬಿದ್ದೇಹೋಗುತ್ತೇನೆ ಅನ್ನಿಸಿ ಅವನು ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಬ್ಬಳು ಮೊದಲು ಚಾದರ ಹೊದಿಸಿ, "ಕಾಕಾ, ಈಗ ಎಡಕ್ಕೆ ಹೊರಳಿಸ್ತೀನಿ" ಎಂದಳು. ಮೈ ತಾನಾಗಿಯೇ ಸಡಿಲವಾಯಿತು.

ಅಂದು ಸಂಜೆ ಊಟಕ್ಕೆ ಕುಳಿತಾಗ ಇಂದೂಗೆ ಹೇಳಿದ: "ಹೇಳದ ಮುಟ್ಟಿದ್ರ ಜೀವ ಹಾರತದ ನೋಡು. ಅಪ್ಪ ಸುಮ್ಮ ಸುಮ್ಮನ ಸಿಟ್ಟಾಗ್ತಾನ ಅಂತಿದ್ವಿ. ಅಂವ ಅಂಜ್ತಿದ್ದ ಅನಸ್ತದ ಈಗ."

ತರಬೇತಿ ಮುಗಿದ ಮೇಲೆ ಕೇಂದ್ರದವರು ಪುಣೆಯಿಂದ ದೂರದ ಶಿರೂರಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ತೋರಿಸಿದರು. ಅಲ್ಲೇ ಉಳಿಯಬೇಕಿತ್ತು. ಇಂದೂನ ಬಿಟ್ಟುಹೋಗಲು ಅವನು ಒಪ್ಪಲಿಲ್ಲ. ಮತ್ತೆ ಗೇಟಿನ ಬದಲಿ ಕೆಲಸವೇ ಗತಿಯಾಯಿತು. ಕಲಿತದ್ದು ವ್ಯರ್ಥವೆಂದು ಅವನು ಬೇಸರಪಟ್ಟುಕೊಂಡಿದ್ದಾಗ ಸಾಯಲಿ ಮೇಡಂ ಫೋನ್ ಮಾಡಿದರು. ಊರಿನ ಇನ್ನೊಂದು ತುದಿಗೆ, ಬಿಬವೇವಾಡಿಯಲ್ಲಿ ಒಂದು ಕನ್ನಡದ ಮನೆ, ಲಕ್ವ ಹೊಡೆದ ಮುದುಕರು, ಯಾರೂ ನಿಲ್ಲುತ್ತಿಲ್ಲ ಎಂದರು.

ಬಾಳಕೃಷ್ಣ ಧಾರವಾಡದವರು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಬಲಗೈ, ಬಲಗಾಲು ಸೋತಿದ್ದವು. ಬಾಗಿಲು ತೆಗೆದ ಸೊಸೆ ಕೇತಕಿ ಮೊದಲೇ ಎಚ್ಚರಿಸಿದಳು: "ಮಾವನವರು ಯಾರನ್ನೂ ಹತ್ತರ ಬಿಡೂದಿಲ್ರಿ. ನಿನ್ನೆ ಬಂದವರ ಮ್ಯಾಲೆ ಲೋಟ ಒಗದ್ರು."

ನಿಜಲಿಂಗಪ್ಪ ಹಾಸಿಗೆಯ ಹತ್ತಿರ ನಿಂತು, ಸ್ನಾನ ಮಾಡಿಸಲು ಬಂದಿದ್ದೇನೆ ಎಂದ.

ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮಾತು ತೊದಲುತ್ತಿದ್ದರೂ ದನಿಯಲ್ಲಿ ಅಧಿಕಾರ ಹೋಗಿರಲಿಲ್ಲ. "ಬ್ಯಾರೆ ಕೆಲಸ ಸಿಗಲಿಲ್ಲೇನು ನಿನಗ?"

"ಸಿಗಲಿಲ್ರಿ."

"ನಾಚಿಕಿ ಬರೂದಿಲ್ಲ?"

"ಮೊದಲ ಬರ್ತಿತ್ರಿ. ನಿಮಗ?"

ಬಾಳಕೃಷ್ಣ ಎಡಗೈಯಿಂದ ಚಾದರವನ್ನು ಎದೆಯವರೆಗೆ ಎಳೆದುಕೊಂಡರು. "ನನಗ ಭಾಳ ಬರ್ತದ" ಎಂದರು.

"ಹಂಗಾದ್ರ ಇವತ್ತು ಬ್ಯಾಡ್ರಿ. ಮುಖ ಅಷ್ಟ ಒರಸ್ತೀನಿ."

ಮರುದಿನವೂ ಮುಖ ಮಾತ್ರ. ಆ ವಾರ ಮುಗಿಯುವಷ್ಟರಲ್ಲಿ ಅವರೇ, "ನೀರು ಕಾದಾವೇನು?" ಎಂದು ಕೇಳಿದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ನಿಜಲಿಂಗಪ್ಪ ದಿನಾ ಎರಡು ಬಸ್ಸು ಹಿಡಿದು ಆ ಮನೆಗೆ ಹೋಗಿಬಂದ. ಮುದುಕರು ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತರು, ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆದರು. ದಿನಕ್ಕೊಮ್ಮೆಯಾದರೂ ಬೈಯುವುದನ್ನು ಮಾತ್ರ ಬಿಡಲಿಲ್ಲ.

ಹೋದ ದೀಪಾವಳಿಯ ನಂತರ ನಿಜಲಿಂಗಪ್ಪನ ಮನೆಯ ಹತ್ತಿರದ ಒಂದು ಆಸ್ಪತ್ರೆಯಿಂದ ವಾರ್ಡಿನ ಕೆಲಸಕ್ಕೆ ಕರೆ ಬಂತು. ಬಾಳಕೃಷ್ಣರಿಗೆ ಅವನೇ ತಿಳಿಸಿದ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಮಧ್ಯಾಹ್ನ ಊಟ ಬೇಡವೆಂದರು. ಸಂಜೆ ಅವನು ಹೊರಡುವ ಹೊತ್ತಿಗೆ ಕರೆದು ಕೇಳಿದರು: "ಪಿ.ಎಫ್. ಅದ ಏನು?"

"ಅದರಿ."

"ಹಂಗಾದ್ರ ಹೋಗು. ಕಾಯಂ ಕೆಲಸ ಬಿಡಬಾರದು."

ಈಗ ಅವನು ಗಂಡಸರ ವಾರ್ಡಿನಲ್ಲಿದ್ದಾನೆ. ರಜೆ ಸಿಕ್ಕ ಭಾನುವಾರ ಇಂದೂನ ಕರೆದುಕೊಂಡು ಬಿಬವೇವಾಡಿಗೆ ಹೋಗುತ್ತಾನೆ. ಕೇತಕಿ ಚಹಾ ಮಾಡುತ್ತಾಳೆ. ಹೊಸದಾಗಿ ಬಂದವನು ಗಡ್ಡ ಸರಿಯಾಗಿ ಕೆರೆಯುವುದಿಲ್ಲ ಎಂದು ಮುದುಕರು ದೂರು ಹೇಳುತ್ತಾರೆ.