ಚಿಲಕ ಬಿದ್ದ ಬಾಣಂತಿ ಕೋಣೆ

ದೆವ್ವ ಮೆಟ್ಟಿತು, ಅಶರೀರವಾಣಿ ಕೇಳಿತು ಎಂದು ಯಾರಾದರೂ ಹೇಳಿದರೆ "ಮೊದಲು ಜ್ವರ ನೋಡಿಸಿಕೊಳ್ಳಿ" ಅನ್ನುತ್ತಿದ್ದವಳು ನಾನು. ಈಗಲೂ ಹೆಚ್ಚುಕಡಿಮೆ ಹಾಗೇ ಅನ್ನುತ್ತೇನೆ. ಆದರೆ ನನಗೇ ಆದದ್ದಕ್ಕೆ ಯಾವ ಥರ್ಮಾಮೀಟರ್ ಇಡಲಿ?

ಎಪ್ಪತ್ತರ ದಶಕದ ಕೊನೆ. ಚನ್ನಗಿರಿಯಲ್ಲಿ ದಾದಿ ತರಬೇತಿ ಮುಗಿಯುತ್ತಾ ಬಂದಿತ್ತು, ಪರೀಕ್ಷೆ ಹತ್ತಿರವಿತ್ತು. ಅಲ್ಲಿನ ದೊಡ್ಡ ಸಿಸ್ಟರು ಪಾಠ ಒಪ್ಪಿಸಿಕೊಳ್ಳುವುದರಲ್ಲಿ ಯಮ. ಊಟಕ್ಕೆ ಕೂತಿದ್ದರೂ ಬೆನ್ನ ಹಿಂದಿನಿಂದ "ಮೊದಲು ಏನು ಮಾಡ್ತೀ?" ಎಂದು ಕೇಳುವರು. ಹಳ್ಳಿ ಕೆಲಸ ಕಲಿಯಲೆಂದು ನನ್ನನ್ನು ಜಗಳೂರು ಕಡೆ ಕಳಿಸಿದ್ದರು. ಅಲ್ಲಿನ ನರ್ಸು ಬೇರೆ ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ ಗಂಗವ್ವ ಎಂಬಾಕೆಯ ಹೆರಿಗೆಗೆ ನಾನೊಬ್ಬಳೇ ಹೋಗಬೇಕಾಯಿತು.

ಹೆರಿಗೆ ತಡವಾಯಿತು. ಹಾಗಾದಾಗ ಆ ಕಡೆ ಮನೆಯ ಬೀಗ, ಗಂಟುಗಳನ್ನೆಲ್ಲ ಬಿಚ್ಚುತ್ತಾರೆ. "ಕಟ್ಟಿದ್ದೆಲ್ಲಾ ಬಿಚ್ಚಬೇಕ್ರೀ ನರ್ಸಮ್ಮ, ಇಲ್ಲಂದ್ರೆ ಕೂಸು ಬರಾಕೆ ದಾರಿ ಎಲ್ಲೈತೆ?" ಎಂದು ಗಂಗವ್ವನ ಅತ್ತೆ ಪೆಟ್ಟಿಗೆ ತೆರೆದರು, ಎತ್ತಿನ ಹಗ್ಗ ಬಿಚ್ಚಿದರು, ಕೊನೆಗೆ ಕುರಿದೊಡ್ಡಿಯ ಬಾಗಿಲನ್ನೂ ತೆಗೆದರು. ಕೂಸು ಬಂತು; ಕುರಿಗಳು ಪಕ್ಕದವರ ಶೇಂಗಾ ಹೊಲಕ್ಕೆ ಹೋದವು. ಮನೆಮಂದಿಯೆಲ್ಲ ಅವುಗಳ ಹಿಂದೆ ಓಡಿದರು. ಗಾಳಿಗೆ ಕೋಣೆಯ ಬಾಗಿಲು ದಡಾರನೆ ಮುಚ್ಚಿ, ಹೊರಗಿನ ಚಿಲಕ ಬಿತ್ತು. ಮನೆಯ ಬೀಗವೆಲ್ಲ ಬಿಚ್ಚಿ ನಮ್ಮಿಬ್ಬರನ್ನು ಕೂಡಿಹಾಕಿದ ಹಾಗಾಯಿತು.

ಮಾಸು ಬಿದ್ದ ಮೇಲೂ ಗಂಗವ್ವನಿಗೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ನಿನ ಔಷಧಿ, ಕುದಿಯಲಿಟ್ಟ ಸಿರಿಂಜು ಎರಡೂ ಅಂಗಳದ ಒಲೆಯ ಹತ್ತಿರ. ಕಿಟಕಿಯಿಲ್ಲದ ಕೋಣೆ. ಬಾಗಿಲು ಬಡಿದೆ, ಗಂಟಲು ಹರಿಯುವಂತೆ ಕೂಗಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಈಕೆ ನನ್ನ ಕಣ್ಣೆದುರೇ ಸಾಯುತ್ತಾಳೆ ಎಂದು ಅಳು ಬಂತು.

"ಮೊದಲು ಏನು ಮಾಡ್ತೀ?"

ಬಾಗಿಲಾಚೆ ದೊಡ್ಡ ಸಿಸ್ಟರ ದನಿ. "ಚಿಲಕ ತೆಗೀರಿ ಸಿಸ್ಟರ್!" ಎಂದು ಕಿರುಚಿದೆ.

"ಮೊದಲು ಏನು ಮಾಡ್ತೀ?"

ಉತ್ತರ ಬಾಯಿಗೆ ಬಂತು, ಅದರ ಹಿಂದೆಯೇ ಕೈ ಹೋಯಿತು. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕಿದೆ. "ಗಟ್ಟಿ ಆತಾ?" "ಇಲ್ರೀ." "ಬಿಡಬ್ಯಾಡ. ಮುಂದೆ?" ಕೂಸನ್ನು ಮೊಲೆಗೆ ಹಚ್ಚಿದೆ. ಮತ್ತೆ ತಿಕ್ಕಿದೆ. ಕೈ ಸೋಲುವ ಹೊತ್ತಿಗೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಯಿತು, ರಕ್ತ ಹತೋಟಿಗೆ ಬಂತು.

"ಆಕೆ ಜೊತೆ ಮಾತಾಡಿದೆಯಾ?"

ಇದು ನಮ್ಮ ಪಾಠದಲ್ಲಿ ಇರಲಿಲ್ಲ. ನಿಜಕ್ಕೂ ಒಂದು ಮಾತೂ ಆಡಿರಲಿಲ್ಲ. "ಗಂಗವ್ವಾ, ನಾನು ಇಲ್ಲೇ ಇದೀನಿ" ಅಂದೆ. ಆಕೆ ಕಣ್ಣು ಬಿಟ್ಟಳು. "ನೀವೂ ಕುರಿ ಹಿಂದೆ ಹೋದ್ರಿ ಅನ್ಕಂಡಿದ್ದೆ" ಅಂದಳು.

ಅತ್ತೆ ಬಂದು ಚಿಲಕ ತೆಗೆದಾಗ ಹೊರಗೆ ಯಾರೂ ಇರಲಿಲ್ಲ. ನೀವೊಬ್ಬರೇ ಪಾಠ ಒಪ್ಪಿಸುತ್ತಿದ್ದಿರಿ ಎಂದಳು ಗಂಗವ್ವ. ದೊಡ್ಡ ಸಿಸ್ಟರು ಆ ದಿನವೆಲ್ಲ ಚನ್ನಗಿರಿಯ ವಾರ್ಡಿನಲ್ಲೇ ಇದ್ದರಂತೆ. ನಾನು ಹಿಂದಿರುಗಿ ಸಂಗತಿ ಹೇಳಿದಾಗ ಅವರು ನಗಲಿಲ್ಲ. "ಆ ಕೊನೇ ಪ್ರಶ್ನೆ ನಾನು ಯಾರಿಗೂ ಕೇಳಿದ್ದೇ ಇಲ್ಲವಲ್ಲೇ" ಅಂದರು.

ಹೆದರಿದ ಮನಸ್ಸೇ ಮಾತಾಡಿತು ಅನ್ನಬಹುದು, ನಾನೂ ಅಂದುಕೊಂಡಿದ್ದೇನೆ. ಆದರೆ ನನಗೇ ಗೊತ್ತಿಲ್ಲದ ಪ್ರಶ್ನೆಯನ್ನು ನನ್ನ ಮನಸ್ಸು ಎಲ್ಲಿಂದ ತಂದಿತು? ಪರೀಕ್ಷೆಯಲ್ಲೂ ಅದನ್ನು ಯಾರೂ ಕೇಳಲಿಲ್ಲ. ಆಮೇಲಿನ ಪ್ರತಿ ಹೆರಿಗೆಯಲ್ಲೂ ನಾನು ಮೊದಲು ಹೇಳುವುದು "ನಾನು ಇಲ್ಲೇ ಇದೀನಿ" ಅಂತ. ಹೇಳುವುದು ತಾಯಿಗೆ. ಕಿವಿ ಮಾತ್ರ ಬಾಗಿಲ ಕಡೆಗೇ ಇರುತ್ತದೆ.